ಕೈಯಿಲ್ಲದ ಕುರ್ಚಿ

ಮಾರ್ಚ್ 2, ಸೋಮವಾರ

ಈ ಡೈರಿಯನ್ನು ಬಣ್ಣದ ಅಂಗಡಿಯವನು ಮಾವನಿಗೆ ಪುಕ್ಕಟೆ ಕೊಟ್ಟ. ಮಾವ ಅಮ್ಮನಿಗೆ ಕೊಟ್ಟ. ಅಮ್ಮ ನನ್ನ ಮಡಿಲಿಗೆ ಎಸೆದು, "ಮನೆಯವರ ಮೇಲೆ ಹಾರಾಡೋ ಬದಲು ಇದರ ಮೇಲೆ ಹಾರಾಡು" ಅಂದಳು. ಸರಿ, ಹಾರಾಡುತ್ತೇನೆ.

ಇವತ್ತು ನೀರಿನ ಕ್ಯಾನ್ ಮಾರುವವನು ನಮ್ಮ ಶೆಡ್ಡಿಗೆ ಟೇಪು ಹಿಡಿದು ಬಂದ. ನಾವೆಲ್ಲ ನೋಡುತ್ತಿದ್ದ ಹಾಗೇ ಉದ್ದ ಅಳೆದ, ಅಗಲ ಅಳೆದ. ಯಂತ್ರ ಎಲ್ಲಿ, ಕ್ಯಾನುಗಳ ಸಾಲು ಎಲ್ಲಿ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದ. ಅಜ್ಜ ಕುರ್ಚಿಯ ಕಾಲು ಕೆತ್ತುತ್ತ ಕೂತಿದ್ದ. ಅವನನ್ನು ಏಳು ಅನ್ನಲಿಲ್ಲ. ಕಂಬವನ್ನು ಬಳಸುವ ಹಾಗೆ ಅವನ ಸುತ್ತಲೂ ಗೆರೆ ಎಳೆದ. ನಾನು ಪೊರಕೆ ತಂದು ಎಲ್ಲ ಗೆರೆ ಗುಡಿಸಿ ಹಾಕಿದೆ. ಮಾವ ಬೈದ.

ಮೇ ಹತ್ತರೊಳಗೆ ದೊಡ್ಡ ಕೆಲಸ ಸಿಗದಿದ್ದರೆ ಶೆಡ್ಡು ಅವನಿಗಂತೆ. ಮಾವ ಪ್ಲೈವುಡ್ ಅಂಗಡಿಯಲ್ಲಿ ಮೇಸ್ತ್ರಿಯಾಗುತ್ತಾನಂತೆ. ಅಜ್ಜ ನಮ್ಮ ಸಂಬಂಧಿಕನಲ್ಲ, ಮಾವ ಹುಟ್ಟುವ ಮುಂಚಿನಿಂದ ಇಲ್ಲಿ ಬಡಗಿ. ಅವನು ಮಗಳ ಮನೆಗೆ ಹೋಗುತ್ತಾನಂತೆ. ಅಮ್ಮ ಕುರ್ಚಿಗೆ ಬೆತ್ತ ಹೆಣೆಯುವುದನ್ನು ಮನೆಯಲ್ಲೇ ಮಾಡುತ್ತಾಳಂತೆ. ನಾನು ಎಲ್ಲಿಗೆ ಅಂತ ಯಾರೂ ಹೇಳಲಿಲ್ಲ. ಒಂಬತ್ತನೇ ಕ್ಲಾಸು ಬಿಟ್ಟವಳು ಎಲ್ಲಿಗಾದರೂ ಹೋಗಬಹುದು ಅನ್ನುವ ಹಾಗೆ.

ಮಾರ್ಚ್ 5

ನಮ್ಮ ಬೀದಿಯ ಕೊನೆಯಿಂದ ಬಸ್ಸು ಹತ್ತಿದರೆ ನಾಲ್ಕನೇ ನಿಲ್ದಾಣ ವಿಶ್ವವಿದ್ಯಾಲಯ. ಸರ್ಕಾರಿ. ಹತ್ತು ಸಾವಿರ ಜನ ಅಲ್ಲಿ ಕೂರುತ್ತಾರೆ. "ಅವರಿಗೆ ಕುರ್ಚಿ ಬೇಡವಾ?" ಅಂತ ಮಾವನನ್ನು ಕೇಳಿದೆ.

"ಎರಡು ವರ್ಷದಿಂದ ನೋಡ್ತಾ ಇದೀನಿ ಕಣೆ. ಅವರ ಪ್ರಕಟಣೆ ಎಲ್ಲ ನನ್ನ ಫೋನಿಗೇ ಬರುತ್ತೆ. ಒಂದು ಕುರ್ಚಿ ಕೊಳ್ಳಲಿಲ್ಲ. ನಿಂತ್ಕೊಂಡೇ ಓದ್ತಾರೋ ಏನೋ."

ಫೋನ್ ಕಿತ್ತುಕೊಂಡು ನೋಡಿದೆ. ಲಿಫ್ಟ್ ದುರಸ್ತಿ. ಪೈಪು ದುರಸ್ತಿ. ನೀರೆತ್ತುವ ಪಂಪು ದುರಸ್ತಿ. ಗಡಿಯಾರ ಗೋಪುರದ ಗಂಟೆ ದುರಸ್ತಿ. ಎರಡು ವರ್ಷ, ಬೆಳಗಿನ ಟೀ ಜೊತೆ, ಈ ಮನುಷ್ಯ ಬೇರೆಯವರ ಲಿಫ್ಟು ಕೆಟ್ಟದ್ದನ್ನು ಭಕ್ತಿಯಿಂದ ಓದಿದ್ದಾನೆ.

ವಿಶ್ವವಿದ್ಯಾಲಯಕ್ಕೆ ಸಾಮಾನು ಕೊಡುವವರು ಅವರ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿ ನಲವತ್ತೆರಡು ವಿಭಾಗ ಇವೆ. ಯಾವುದಕ್ಕೆ ಗುರುತು ಹಾಕುತ್ತೇವೋ ಆ ವಿಭಾಗದ ಸುದ್ದಿ ಮಾತ್ರ ಬರುತ್ತದೆ. ನಮ್ಮ ಶೆಡ್ಡು ಶುರುವಾದದ್ದು ಮುರಿದ ಕುರ್ಚಿ ರಿಪೇರಿಯಿಂದ. ಹಾಗಾಗಿ ಮಾವ 'ದುರಸ್ತಿ'ಗೆ ಗುರುತು ಹಾಕಿ ಸುಮ್ಮನಾಗಿದ್ದ.

"ಪೀಠೋಪಕರಣ ಅಂತ ಕೆಳಗಡೆ ಇದೆಯಲ್ಲ, ಕಣ್ಣು ಕಾಣಲಿಲ್ವಾ?"

"ಒಂದಕ್ಕೇ ಹಾಕ್ಬೇಕು ಅಂದ್ಕೊಂಡೆ. ಪರೀಕ್ಷೆ ಥರ."

ಮೈಯೆಲ್ಲ ಉರಿಯಿತು. ದುರಸ್ತಿಯ ಗುರುತು ತೆಗೆದು ಹಾಕಿ ಪೀಠೋಪಕರಣಕ್ಕೆ ಹಾಕಿದೆ. ಹಳೆಯ ಪಟ್ಟಿ ತೆರೆದು ಎಣಿಸಿದೆ. ಎರಡು ವರ್ಷದಲ್ಲಿ ಏಳು ಸಲ ಕುರ್ಚಿ ಕೇಳಿದ್ದಾರೆ. ಏಳೂ ನಮ್ಮ ತಲೆಯ ಮೇಲಿಂದ ಹಕ್ಕಿಗಳ ಹಾಗೆ ಹಾರಿ ಹೋಗಿವೆ.

ಮಾರ್ಚ್ 9

ಬಂತು. ಓದುವ ಕೋಣೆಗೆ ಇನ್ನೂರ ಇಪ್ಪತ್ತು ಮರದ ಕುರ್ಚಿ.

ಮೂವತ್ತನಾಲ್ಕು ಪುಟ ಇದೆ. ಪ್ರಿಂಟ್ ಹಾಕಿಸಿಕೊಂಡು ಬಂದು ಶೆಡ್ಡಿನಲ್ಲಿ ಗಟ್ಟಿಯಾಗಿ ಓದಿದೆ, ಯಾಕೆಂದರೆ ಉಳಿದವರು ಓದುವುದಿಲ್ಲ. ಅಮ್ಮ ಬೆತ್ತ ನೆನೆಹಾಕುತ್ತಿದ್ದಳು. ಅಜ್ಜ ಹಲಗೆ ಉಜ್ಜುತ್ತಿದ್ದ. ಎಲ್ಲ ಸಾಲೂ ಒಂದೇ ಥರ ಶುರುವಾಗಿ ಒಂದೇ ಥರ ಮುಗಿಯುತ್ತದೆ. 'ಪೂರೈಕೆದಾರರು ಈ ಕೆಳಕಂಡಂತೆ', 'ಪೂರೈಕೆದಾರರು ಈ ಮೇಲ್ಕಂಡಂತೆ'. ಹನ್ನೊಂದನೇ ಪುಟಕ್ಕೆ ಅಜ್ಜ ಹಲಗೆ ಹಿಡಿದುಕೊಂಡೇ ನಿದ್ದೆ ಹೋದ. ಬಾಗಿಲಿನ ಬಿಸಿಲಲ್ಲಿ ಮರದ ಪುಡಿ ಮೇಲೆದ್ದು ಇಳಿಯದೆ ನಿಂತೇ ಇತ್ತು. ನನಗೂ ಕಣ್ಣು ಎಳೆಯಿತು. ಪುಟದ ಮೇಲೆ ತಲೆಯಿಟ್ಟೆ.

ಇನ್ನೂರ ಇಪ್ಪತ್ತು ಕುರ್ಚಿಗಳು ನಮ್ಮ ಬೀದಿಯಲ್ಲಿ ನಡೆದುಕೊಂಡು ಹೋಗುತ್ತಿದ್ದವು. ಸದ್ದಿಲ್ಲದೆ, ಬರಿಗಾಲಲ್ಲಿ. ಬಸ್ಸು ಅವುಗಳಿಗೋಸ್ಕರ ನಿಂತಿತ್ತು.

ಮಾವ ತಟ್ಟಿ ಎಬ್ಬಿಸಿದ. "ಏಣಿ, ಜೊಲ್ಲು ಬಿದ್ದು ಷರತ್ತು ಅಳಿಸಿ ಹೋಗುತ್ತೆ ಏಳು." ಶಾಲೆಯಲ್ಲಿ ಇಟ್ಟ ಹೆಸರನ್ನು ಈ ಮನುಷ್ಯ ಇನ್ನೂ ಬಿಟ್ಟಿಲ್ಲ.

ಮಾರ್ಚ್ 13

ಟೆಂಡರ್ ಹಾಕುವವರೆಲ್ಲ ಇವತ್ತು ಓದುವ ಕೋಣೆ ನೋಡಲೇಬೇಕಿತ್ತು. ಬಾಗಿಲಲ್ಲಿ ರಿಜಿಸ್ಟರ್. ಹೆಸರು, ಸಮಯ, ಆಮೇಲೆ ಮೂರು ಕಾಲಂ: ಓದುಗರು, ಸಿಬ್ಬಂದಿ, ಪೂರೈಕೆದಾರರು. ಮೂರನೆಯದಕ್ಕೆ ಗುರುತು ಹಾಕಿದೆ. ಕಾವಲುಗಾರ ನನ್ನ ಚಪ್ಪಲಿಯಿಂದ ತಲೆವರೆಗೆ ನೋಡಿದ. ನೋಡಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಉದ್ದ ಇದ್ದೇನೆ.

ಆ ಕೋಣೆಯನ್ನು ಹೇಗೆ ಬರೆಯಲಿ. ಕಿಟಕಿಗಳು ಎತ್ತರದಲ್ಲಿವೆ. ಬೆಳಕು ಕೆಳಗೆ ಬರುವಷ್ಟರಲ್ಲಿ ಸುಸ್ತಾಗಿ ಮೆತ್ತಗಾಗಿರುತ್ತದೆ. ನೂರು ಜನ ಇದ್ದರೂ ಕೇಳಿಸುವುದು ಪುಟ ತಿರುವುವ ಸದ್ದು ಮಾತ್ರ, ದೂರದಲ್ಲಿ ಯಾರೋ ಒಣಗಿದ ಎಲೆ ತುಳಿಯುವ ಹಾಗೆ.

ನಾವು ಆರು ಜನ ಬಂದಿದ್ದೆವು. ಕೋಟು ಹಾಕಿದವನೊಬ್ಬ ದೊಡ್ಡ ಕಾರ್ಖಾನೆಯ ಪರವಾಗಿ ಬಂದಿದ್ದ. ಅವನು ಕೋಣೆ ನೋಡಲಿಲ್ಲ, ಫೋನ್ ನೋಡಿದ. ಖರೀದಿ ವಿಭಾಗದ ಮೇಡಂ ಮೆಲ್ಲಗೆ ಹೇಳಿದರು: "ಏನೇ ಪ್ರಶ್ನೆ ಇದ್ರೂ ಬರವಣಿಗೆಯಲ್ಲಿ ಕಳಿಸಿ. ಬಾಯಲ್ಲಿ ಕೇಳಿದ್ರೆ ನಾನು ಉತ್ತರ ಹೇಳೋ ಹಾಗಿಲ್ಲ. ಒಬ್ಬರು ಕೇಳಿದ್ದಕ್ಕೆ ಉತ್ತರ ಎಲ್ಲರಿಗೂ ಹೋಗುತ್ತೆ."

ನಾನು ಒಂದು ಹಳೆಯ ಕುರ್ಚಿಯಲ್ಲಿ ಕೂತೆ. ಬೆತ್ತ ಹರಿದಿತ್ತು. ಮೇಜಿನ ಕೆಳಗೆ ಕಾಲು ಚಾಚಿದೆ. ಮೊಣಕಾಲು ಮೇಜಿನ ಕೆಳಪಟ್ಟಿಗೆ ಬಡಿಯಲಿಲ್ಲ. ಎರಡು ಬೆರಳಷ್ಟು ಜಾಗ ಉಳಿಯಿತು. ಹಾಗೇ ಕೂತೆ. ಎದುರಿಗೆ ಯಾರೋ ಬಿಟ್ಟು ಹೋದ ಪುಸ್ತಕ ಇತ್ತು, ಸಮುದ್ರದ ಉಬ್ಬರ ಇಳಿತದ ಬಗ್ಗೆ. ನೀರು ಚಂದ್ರನ ಹಿಂದೆ ಹೋಗಿ ಹೋಗಿ ವಾಪಸ್ಸು ಬರುತ್ತದೆ ಅಂತ ಇತ್ತು. ಮೇಡಂ ಮಾತು ದೂರ ಸರಿಯಿತು. ನೆಲ ಸ್ವಲ್ಪ ತೂಗಿದ ಹಾಗಾಯಿತು.

ಆಮೇಲೆ ಎಚ್ಚರಾಗಿ ಟೇಪು ತೆಗೆದೆ. ಮೇಜಿನ ಕೆಳಪಟ್ಟಿ ನೆಲದಿಂದ 62 ಸೆಂಟಿಮೀಟರ್. ಅವರ ಕಾಗದದಲ್ಲಿ ಬರೆದಿರುವ ಹೊಸ ಕುರ್ಚಿಗೆ ಕೈಗಳಿವೆ. ಕೈಯ ಎತ್ತರ 68. ಎರಡು ಸಲ ಅಳೆದೆ. ಆ ಕುರ್ಚಿ ಈ ಮೇಜಿನ ಕೆಳಗೆ ಹೋಗುವುದೇ ಇಲ್ಲ. ಕೈಗಳು ಪಟ್ಟಿಗೆ ತಗುಲಿ ಹೊರಗೇ ನಿಲ್ಲುತ್ತವೆ. ಓದುವವರು ಮೇಜಿನಿಂದ ಒಂದು ಮೊಳ ದೂರ ಕೂತು ಬಗ್ಗಬೇಕು.

ಮಾರ್ಚ್ 14

ಮಾವನಿಗೆ ಹೇಳಿದೆ. ಅವನು ಕುಣಿದ.

"ಬಾಯಿ ಮುಚ್ಕೊಂಡಿರು. ಕೈ ಇರೋ ಕುರ್ಚಿ ಕೈಕೆಲಸ ಕಣೆ, ಅದನ್ನ ಅಜ್ಜನ ಥರ ಮಾಡೋರು ಇಲ್ಲ. ಕೆಲಸ ಮೊದಲು ನಮ್ಮ ಕೈಗೆ ಬರಲಿ. ಆಮೇಲೆ ಹೇಳಣ, ಸ್ವಾಮಿ ಅಳತೆ ತಪ್ಪಿದೆ ಅಂತ."

"ಆಮೇಲೆ ಅವರು ಹಾಗೇ ಇರಲಿ ಅಂದ್ರೆ?"

"ಅಂದ್ರೆ ಅನ್ನಲಿ. ಕೂರೋದು ನೀನಾ?"

ಅಜ್ಜ ಉಳಿ ಕೆಳಗಿಟ್ಟ. "ಹೋಗದ ಕುರ್ಚಿ ಇನ್ನೂರ ಇಪ್ಪತ್ತು ಮಾಡಬೇಕಾ ನಾನು? ಈ ವಯಸ್ಸಲ್ಲಿ?"

"ನೀನು ಸುಮ್ನಿರು ಅಜ್ಜ. ಇವಳ ಪರ ವಹಿಸ್ಕೊಂಡು ಮಗಳ ಮನೆ ದಾರಿ ಹಿಡೀತೀಯ."

ಅಮ್ಮ ಬೆತ್ತ ಎಳೆದು ಬಿಗಿ ಮಾಡಿದಳು.

ಶಾಲೆಯಲ್ಲಿ ನನ್ನ ಬೆಂಚೂ ಹಾಗೇ ಇತ್ತು. ಎಂಟನೇ ಕ್ಲಾಸಿನಿಂದ ಮೊಣಕಾಲು ಹಲಗೆಗೆ ಬಡಿಯುತ್ತಿತ್ತು. ಪಕ್ಕಕ್ಕೆ ತಿರುಗಿ ಕೂತರೆ "ಸರಿಯಾಗಿ ಕೂರು" ಅನ್ನುತ್ತಿದ್ದರು. ಸರಿಯಾಗಿ ಕೂತರೆ ನೋವಿಗೆ ಒಂದಕ್ಷರ ತಲೆಗೆ ಹೋಗುತ್ತಿರಲಿಲ್ಲ. ಒಂದು ದಿನ ಕಾಲಿಂದ ಒದ್ದೆ. ಬೆಂಚು ಮುರಿಯಿತು, ಶಾಲೆ ಅಲ್ಲಿಗೆ ಮುಗಿಯಿತು. ಕಥೆ ಅಷ್ಟೇ. ಇಲ್ಲಿ ಯಾಕೆ ಬರೆದೆನೋ ಗೊತ್ತಿಲ್ಲ.

ಮಾರ್ಚ್ 16

ಕಳಿಸಿದೆ. ಮಾವನಿಗೆ ಹೇಳಿಲ್ಲ. ಹೀಗೆ ಬರೆದೆ:

'ನಿಮ್ಮ ಕುರ್ಚಿಯ ಕೈ 68. ನಿಮ್ಮ ಮೇಜಿನ ಪಟ್ಟಿ 62. ಓದುವವರು ಎಲ್ಲಿ ಕೂರಬೇಕು? ನಿಮ್ಮಲ್ಲಿ ಯಾರಾದರೂ ಆ ಕೋಣೆಯಲ್ಲಿ ಒಂದು ದಿನ ಕೂತಿದ್ದೀರಾ?'

ಮಾರ್ಚ್ 20

ಉತ್ತರ ಬಂತು. ನನಗಲ್ಲ, ಆರೂ ಜನಕ್ಕೆ. 'ಪೂರೈಕೆದಾರರೊಬ್ಬರ ಪ್ರಶ್ನೆ' ಅಂತ ಮೇಲೆ ನನ್ನ ಮಾತು, ಕೊನೆಯ ಸಾಲು ಕಿತ್ತು ಹಾಕಿ. ಕೆಳಗೆ ತಿದ್ದುಪಡಿ: ಕುರ್ಚಿಗೆ ಕೈ ಇರತಕ್ಕದ್ದಲ್ಲ. ಒಂದು ಮಾದರಿ ಕುರ್ಚಿ ತಂದು ಓದುವ ಕೋಣೆಯಲ್ಲಿ ಇಡಬೇಕು. ಕೊನೆಯ ದಿನ ಏಪ್ರಿಲ್ ಆರು, ಮಧ್ಯಾಹ್ನ ಮೂರು ಗಂಟೆ.

ಮಾವ ಓದಿದ. ನನ್ನ ಮುಖ ನೋಡಿದ. "ನಿನ್ನ ಉತ್ತರಪತ್ರಿಕೆ ಇಡೀ ಕ್ಲಾಸಿಗೆ ತೋರಿಸಿಬಿಟ್ಟೆಯಲ್ಲೇ ಮಹಾರಾಯ್ತಿ."

ಜಗಳಕ್ಕೆ ರೆಡಿಯಾಗಿದ್ದೆ. ಅವನು ಅಷ್ಟೇ ಹೇಳಿ ಹೊರಗೆ ಹೋಗಿ ಹಲಗೆಗಳ ಮೇಲೆ ಕೂತ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 31

ಹನ್ನೊಂದು ದಿನ ಬರೆದಿಲ್ಲ. ಬರೆಯಲು ಕೈ ಖಾಲಿ ಇರಲಿಲ್ಲ.

ಅಜ್ಜ ಮತ್ತು ನಾನು ಒಂದೇ ಒಂದು ಕುರ್ಚಿ ಮಾಡುತ್ತಿದ್ದೇವೆ. ಇಷ್ಟು ನಿಧಾನವಾಗಿ ನಾನು ಯಾವತ್ತೂ ಏನೂ ಮಾಡಿಲ್ಲ. ಹಿಂಬದಿಯ ಹಲಗೆಯ ಬಾಗು ಎಷ್ಟಿರಬೇಕು ಅಂತ ಅಜ್ಜ ನನ್ನ ಬೆನ್ನಿಗೆ ಅಂಗೈ ಇಟ್ಟು ನೋಡಿದ. ಆಮೇಲೆ ಅಮ್ಮನ ಬೆನ್ನಿಗೆ ರಟ್ಟು ಒತ್ತಿ ಗೆರೆ ಎಳೆದ. ಆಮೇಲೆ ಟಪಾಲಿನವನನ್ನು ಹಿಡಿದು ಕೂರಿಸಿದ. "ಎಲ್ಲ ಬೆನ್ನೂ ಒಂದು ಕಡೆ ಒಪ್ಪುತ್ತೆ ಮಗಾ. ಅದನ್ನ ಹುಡುಕಬೇಕು, ಅಷ್ಟೆ" ಅಂದ.

ಉಜ್ಜುತ್ತಾ ಉಜ್ಜುತ್ತಾ ಮರ ನೀರಿನ ಹಾಗಾಗುತ್ತದೆ. ಬೆರಳು ಇಟ್ಟರೆ ಮುಳುಗುತ್ತದೆ ಅನಿಸುತ್ತದೆ. ಮಧ್ಯಾಹ್ನ ಊಟದ ಮೇಲೆ ಕಾಲಿಲ್ಲದ ಕುರ್ಚಿಯನ್ನು ನೆಲದ ಮೇಲಿಟ್ಟು ಒರಗಿದ್ದೆ. ಓದುವ ಕೋಣೆಯ ನೆಲ ಸಮುದ್ರವಾಗಿತ್ತು. ಮೇಜುಗಳೆಲ್ಲ ಲಂಗರು ಹಾಕಿ ನಿಂತಿದ್ದವು. ಒಬ್ಬೊಬ್ಬರೂ ತಮ್ಮ ಕುರ್ಚಿಯಲ್ಲಿ ಕೂತು ತೇಲಿ ಬಂದು ಮೇಜಿನ ಕೆಳಗೆ ಮೊಣಕಾಲು ತೂರಿಸಿದರು. ಯಾರಿಗೂ ತಗುಲಲಿಲ್ಲ. ಉಬ್ಬರ ಬಂದಾಗ ಎಲ್ಲರೂ ಒಟ್ಟಿಗೆ ಒಂದು ಗೇಣು ಮೇಲೆದ್ದರು, ಪುಟ ತಿರುವಿದರು, ಇಳಿದರು.

ಮಾವ ಸಂಜೆ ಬಂದು ಕುರ್ಚಿ ಮುಟ್ಟಿದ. ಹೋಗುವಾಗ ಇನ್ನೊಮ್ಮೆ ಮುಟ್ಟಿದ.

ಏಪ್ರಿಲ್ 6

ಬೆಳಗ್ಗೆ ಕುರ್ಚಿಯನ್ನು ಬಸ್ಸಿನಲ್ಲಿ ಒಯ್ದೆ. ಜಾಗ ಇರಲಿಲ್ಲ. ನಡುವೆ ಕುರ್ಚಿ ಹಾಕಿಕೊಂಡು ಅದರಲ್ಲೇ ಕೂತೆ. ಕಂಡಕ್ಟರ್, "ಸೀಟು ಮನೆಯಿಂದ ತಂದೋರಿಗೂ ಟಿಕೆಟ್ ಇದೆಯಮ್ಮ" ಅಂದ.

ಓದುವ ಕೋಣೆಯಲ್ಲಿ ಆರು ಮಾದರಿಗಳನ್ನು ಸಾಲಾಗಿ ಇಟ್ಟರು. ಕೋಟಿನವನು ತನ್ನ ಕುರ್ಚಿಯನ್ನು ಇನ್ನೊಬ್ಬನ ಕೈಲಿ ಹೊರಿಸಿಕೊಂಡು ಬಂದಿದ್ದ. ನನ್ನ ಪಕ್ಕ ನಿಂತು ನಕ್ಕ. "ಯಾರೋ ಪುಣ್ಯಾತ್ಮರು ಪ್ರಶ್ನೆ ಕೇಳಿದ್ದಾರೆ ನೋಡಿ. ಕೈ ಇರೋದು ನಮ್ಮಲ್ಲಿ ಒಂದೂ ಇರಲಿಲ್ಲ. ಕೈ ಇಲ್ಲದ್ದು ಗೋದಾಮಲ್ಲಿ ಐನೂರು ಕೂತಿದೆ. ಸಿಕ್ಕಿದ್ರೆ ಕಾಲಿಗೆ ಬೀಳ್ತಿದ್ದೆ."

ಒಂದು ತಿಂಗಳ ಹಿಂದಾಗಿದ್ದರೆ ಅವನ ಕಾಲರ್ ಹಿಡಿಯುತ್ತಿದ್ದೆ. "ಅಷ್ಟೊಂದು ಬಗ್ಗಬೇಡಿ, ಕೋಟು ಹರಿಯುತ್ತೆ" ಅಂದು ಸುಮ್ಮನಾದೆ.

ವಾಪಸ್ಸು ಬಂದು ಅರ್ಜಿ ತುಂಬಿದೆವು. 'ಎಷ್ಟು ದಿನದಲ್ಲಿ ಕೊಡುತ್ತೀರಿ' ಅಂತ ಒಂದು ಖಾನೆ. ಮಾವ "ಅರವತ್ತು ಅಂತ ಹಾಕು" ಅಂದ. ಅಜ್ಜನ ಕಡೆ ನೋಡಿದೆ. ಅಜ್ಜ ತನ್ನ ಬೆರಳುಗಳನ್ನು ನೋಡಿಕೊಂಡ. ನೂರ ಇಪ್ಪತ್ತು ಅಂತ ಹಾಕಿದೆ. ಎರಡು ಗಂಟೆ ಐವತ್ತು ನಿಮಿಷಕ್ಕೆ ಕಳಿಸಿದೆ. ಪರದೆಯ ಮೇಲೆ 'ಸ್ವೀಕರಿಸಲಾಗಿದೆ' ಅಂತ ಬಂತು. ಅಮ್ಮ ಆ ಪದವನ್ನು ಎರಡು ಸಲ ಓದಿಸಿದಳು.

ಏಪ್ರಿಲ್ 20

ಸಿಗಲಿಲ್ಲ. ಕೋಟಿನವನಿಗೆ ಹೋಯಿತು.

ನೀರಿನವನು ಮತ್ತೆ ಬಂದು ಗೆರೆ ಹಾಕಿ ಹೋದ. ನಾನು ಗುಡಿಸಲಿಲ್ಲ.

ಏಪ್ರಿಲ್ 22

ಸೋತವರು ತಮ್ಮ ಮಾದರಿಯನ್ನು ಏಳು ದಿನದೊಳಗೆ ಒಯ್ಯಬೇಕು. ಸೋತದ್ದು ಯಾಕೆ ಅಂತ ಬೇಕಿದ್ದರೆ ಕೇಳಬಹುದು ಅಂತ ಕಾಗದದ ಮೂವತ್ತೊಂದನೇ ಪುಟದಲ್ಲಿದೆ. ಕೇಳಿಯೇ ಬಿಡುತ್ತೇನೆ ಅಂತ ಹೋದೆ. ಬಸ್ಸಿನಲ್ಲಿ ಪೂರ್ತಿ ಬೈಗುಳ ಜೋಡಿಸಿಕೊಂಡಿದ್ದೆ.

ಮೊದಲು ಕುರ್ಚಿ ತೆಗೆದುಕೊಳ್ಳೋಣ ಅಂತ ಓದುವ ಕೋಣೆಗೆ ಹೋದರೆ, ಅದರಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಉಳಿದ ಐದೂ ಖಾಲಿ. ಅವಳು ಗಲ್ಲಕ್ಕೆ ಕೈಕೊಟ್ಟು ಓದುತ್ತಿದ್ದಳು. ಚಪ್ಪಲಿ ಬಿಟ್ಟು ಒಂದು ಕಾಲನ್ನು ನಮ್ಮ ಅಡ್ಡಪಟ್ಟಿಯ ಮೇಲೆ ಇಟ್ಟಿದ್ದಳು, ಅಜ್ಜ ಅದನ್ನು ಅದಕ್ಕೇ ಇಟ್ಟದ್ದು ಅಂತ ಗೊತ್ತಿದ್ದವಳ ಹಾಗೆ. ಏಳು ಅನ್ನಲು ಬಾಯಿ ಬರಲಿಲ್ಲ. ಅವಳು ಏಳುವವರೆಗೆ ಕಾಯೋಣ ಅಂತ ಪಕ್ಕದ ಹಳೆಯ ಕುರ್ಚಿಯಲ್ಲಿ ಕೂತೆ. ಉಬ್ಬರ ಇಳಿತದ ಪುಸ್ತಕ ಕಪಾಟಿನಲ್ಲಿತ್ತು. ಹುಣ್ಣಿಮೆಗೆ ನೀರು ಯಾಕೆ ಹೆಚ್ಚು ಏರುತ್ತದೆ ಅಂತ ಇದೆ. ಕಿಟಕಿಯ ಬೆಳಕು ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋಯಿತು. ಅವಳು ಏಳಲಿಲ್ಲ. ನಾನು ಪುಟ 41ಕ್ಕೆ ಬಂದಿದ್ದೆ.

ಮೇಡಂ ಹತ್ತಿರ ಹೋದಾಗ ನಾಲ್ಕೂವರೆ. ಬೈಗುಳ ಎಲ್ಲೋ ಬಿದ್ದು ಹೋಗಿತ್ತು.

"ಕುರ್ಚಿಗೆ ಎಲ್ಲರಿಗಿಂತ ಹೆಚ್ಚು ಅಂಕ ನಿಮಗೇ ಬಂದಿದೆ" ಅಂದರು. "ದಿನದ ಲೆಕ್ಕಕ್ಕೆ ಸೊನ್ನೆ. ಅವರು ಮೂವತ್ತು ದಿನ ಅಂತ ಹಾಕಿದ್ರು."

"ನಮ್ಮಲ್ಲಿ ಒಬ್ಬನೇ ಬಡಗಿ ಇರೋದು."

"ಗೊತ್ತಾಯ್ತು. ನಿಜ ಬರೆದಿದ್ದೀರಿ." ಮೇಡಂ ಅಂದರು, "ನಿಮ್ಮ ಪ್ರಶ್ನೆಯ ಕೊನೇ ಸಾಲು ತೆಗೆದಿದ್ದು ನಾನೇ. ಹಾಗೆಲ್ಲ ಹಾಕೋ ಹಾಗಿಲ್ಲ. ತೆಗೆದ ಮೇಲೆ ಆ ಕೋಣೆಗೆ ಹೋಗಿ ಕೂತೆ. ಹನ್ನೆರಡು ವರ್ಷದಲ್ಲಿ ಮೊದಲನೇ ಸಲ."

ಮೇಡಂ ಇನ್ನೊಂದು ಕಡತ ಎಳೆದರು.

"ದುರಸ್ತಿಗಾದ್ರೂ ಹಾಕ್ತಿದ್ದೀರಲ್ಲ? ಹಳೇ ಕುರ್ಚಿ ನೂರ ನಲವತ್ತು. ಅದರ ಕಾಗದ ಈಗಾಗಲೇ ಎಲ್ಲರಿಗೂ ಕಳಿಸಿದ್ದೀವಿ. ಬೆತ್ತ ಹೆಣೆಯೋದೂ ಸೇರಿದೆ. ಎರಡು ವಾರಕ್ಕೆ ಹತ್ತು ಕೊಟ್ರೂ ಸಾಕು. ನಾಳೆ ಮೂರು ಗಂಟೆ ಕೊನೆ."

ಆ ಕಾಗದ ನಮಗೆ ಬಂದಿಲ್ಲ. ದುರಸ್ತಿಯ ಗುರುತು ತೆಗೆದವಳು ನಾನೇ. ಎರಡು ವರ್ಷ ಮಾವ ಇಟ್ಟುಕೊಂಡಿದ್ದನ್ನು ನಾನು ಒಂದು ನಿಮಿಷದಲ್ಲಿ, ಸಿಟ್ಟಿನಲ್ಲಿ, ತೆಗೆದೆ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು ಕೂತಿದ್ದೆ. ಕುರ್ಚಿ ತರಲು ಮರೆತೆ.

ಏಪ್ರಿಲ್ 23

ಎದ್ದವಳೇ ಮಾವನಿಗೆ ಹೇಳಿದೆ. ತಪ್ಪು ನನ್ನದು ಅಂತಲೂ ಹೇಳಿದೆ. ಅವನು ಟೀ ಕುಡಿಯುತ್ತಿದ್ದ. ಲೋಟ ಇಟ್ಟು, ಹಾಸಿಗೆ ಕೆಳಗಿಂದ ನಾಲ್ಕು ಹಾಳೆ ಎಳೆದ. ದುರಸ್ತಿಯ ಅರ್ಜಿ. ಅವನದೇ ಅಂಕುಡೊಂಕು ಅಕ್ಷರ, ಪೆನ್ಸಿಲ್ಲಿನಲ್ಲಿ.

"ಇದು ಹೇಗೆ ಬಂತು?"

"ನೀನು ಗುರುತು ತೆಗೆದ ಮೂರನೇ ದಿನ ನಾನು ಮತ್ತೆ ಹಾಕ್ಕೊಂಡೆ ಕಣೆ. ಬೆಳಗ್ಗೆ ಲಿಫ್ಟು ಪೈಪು ಓದದೆ ಟೀ ರುಚೀನೇ ಇರಲಿಲ್ಲ." ಕಣ್ಣು ತಪ್ಪಿಸಿದ. "ಹೇಳಿದ್ರೆ ನೀನು ಮೈಮೇಲೆ ಬೀಳ್ತೀಯ ಅಂತ ಸುಮ್ಮನಿದ್ದೆ."

"ಬರೆದು ಯಾಕೆ ಬಚ್ಚಿಟ್ಟೆ?"

"ಕಳಿಸೋಕೆ ನನಗೆ ಬರಲ್ಲ. ನಿನ್ನ ಕೇಳೋಕೆ ಧೈರ್ಯ ಸಾಲಲಿಲ್ಲ."

ನನಗೆ ಹೆದರುತ್ತಾನೆ. ಈ ದೊಡ್ಡ ಮನುಷ್ಯ. ಇದನ್ನು ಬರೆಯುವಾಗ ನಗು ಬರುತ್ತಿಲ್ಲ.

ನಾಲ್ಕೂ ಜನ ಶೆಡ್ಡಿನಲ್ಲಿ ಕೂತೆವು. ಬೆತ್ತಕ್ಕೆ ದಿನಕ್ಕೆ ಎಷ್ಟು ಅಂತ ಅಮ್ಮ ಹೇಳಿದಳು. ಕಾಲು, ಸಂದು, ಅಂಟಿಗೆ ಅಜ್ಜ ಹೇಳಿದ. ಮಾವ ಹೇಳಿದ್ದನ್ನೂ ಬರೆದೆ, ಅವನ ಲೆಕ್ಕದಲ್ಲಿ ಒಂದೇ ಕಡೆ ತಪ್ಪಿತ್ತು. ಎರಡು ಗಂಟೆ ಹತ್ತಕ್ಕೆ ಕಳಿಸಿದೆ.

ಮೇ 5

ಬೆಳಗ್ಗೆ ಕಾಗದ ಬಂತು: ದುರಸ್ತಿ ನಮಗೆ. ಅದರ ಬೆನ್ನಿಗೇ ಲಾರಿ ಬಂತು. ಹತ್ತಲ್ಲ, ನೂರ ನಲವತ್ತನ್ನೂ ಹೊತ್ತುಕೊಂಡು. ಹೊಸ ಕುರ್ಚಿಗೆ ಜಾಗ ಬೇಕು, ಇವನ್ನು ಇಟ್ಟುಕೊಳ್ಳಲು ತಮ್ಮಲ್ಲಿ ಜಾಗ ಇಲ್ಲ, ನೀವೇ ಇಟ್ಟುಕೊಂಡು ಹತ್ತು ಹತ್ತಾಗಿ ಕೊಡಿ ಅಂತ ಚೀಟಿ. ಶೆಡ್ಡು ತುಂಬಿತು. ಅಂಗಳ ತುಂಬಿತು. ಬಾಗಿಲಿಗೆ ಅಡ್ಡ ಹನ್ನೆರಡು. ಒಂದರ ಮೇಲೊಂದು ಮಗುಚಿದ ಕಾಲುಗಳು, ಎಲೆ ಉದುರಿದ ತೋಟದ ಹಾಗೆ.

ನೀರಿನವನು ಟೇಪು ಹಿಡಿದು ಬಂದು ಹೊಸ್ತಿಲಲ್ಲೇ ನಿಂತ. ಅವನ ಗೆರೆಗಳು ಕಾಣಿಸುತ್ತಿರಲಿಲ್ಲ.

"ಇದೆಲ್ಲ ಯಾವಾಗ ತೆಗೀತೀರಿ?" ಅಂದ.

ಅಜ್ಜ ಕುರ್ಚಿಗಳ ನಡುವಿನಿಂದ ಕತ್ತೆತ್ತಿದ. "ಎರಡು ವಾರಕ್ಕೆ ಹತ್ತು ಅಂತ ಮಾತು. ನೀವೇ ಹಾಕ್ಕೊಳ್ಳಿ ಲೆಕ್ಕ. ಅಲ್ಲೀವರೆಗೂ ಕೂತಿರ್ತೀರಾ? ಕುರ್ಚಿಗೇನೂ ಬರ ಇಲ್ಲ."

ಮಾವ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ.

ಮಧ್ಯಾಹ್ನ, ಕುರ್ಚಿ ಮುಟ್ಟಿದ್ದಕ್ಕೆ ರಸೀದಿ ಕೊಡಲು ವಿಶ್ವವಿದ್ಯಾಲಯಕ್ಕೆ ಹೋದೆ. ಮೇಡಂ ಊಟಕ್ಕೆ ಹೋಗಿದ್ದರು, ಓದುವ ಕೋಣೆಯಲ್ಲಿ ಕಾದೆ. ಕೋಟಿನವನ ಕುರ್ಚಿಗಳು ಬಂದಿವೆ. ಎಲ್ಲವೂ ಮೇಜಿನ ಕೆಳಗೆ ಸಲೀಸಾಗಿ ಹೋಗಿ ಕೂತಿವೆ, ಇನ್ನೂರ ಇಪ್ಪತ್ತೂ. ತಳ್ಳಿ ನೋಡಿದೆ. ಸದ್ದಿಲ್ಲ. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ.

ನಮ್ಮ ಮಾದರಿ ಕಿಟಕಿ ಪಕ್ಕ ಒಂದೇ ನಿಂತಿತ್ತು. ಅದನ್ನು ಇವತ್ತೂ ತರಲಾಗಲಿಲ್ಲ. ಏಳು ದಿನ ಎಂದೋ ಮುಗಿದಿದೆ. ಯಾರೂ ಕೇಳುತ್ತಿಲ್ಲ. ತರಲೆಂದು ಬಂದ ದಿನವೆಲ್ಲ ಓದಿ ಓದಿ ಈಗ ಪುಟ 112. ಇನ್ನು ನದೀಮುಖದ ಅಧ್ಯಾಯ ಇದೆ, ಸಿಹಿನೀರಿಗೆ ಉಪ್ಪುನೀರು ಎದುರು ಬರುವುದು.

ಹೊರಡುವಾಗ ಕಾವಲುಗಾರ ರಿಜಿಸ್ಟರ್ ತಿರುಗಿಸಿ ತೋರಿಸಿದ. "ಏನಮ್ಮಾ, ಇವತ್ತು ಮೊದಲನೇ ಕಾಲಮ್ಮಿಗೆ ಹಾಕಿದ್ದೀಯ?"

ನೋಡಿದೆ. ಆತುರದಲ್ಲಿ ಗುರುತು 'ಓದುಗರು' ಕೆಳಗೆ ಬಿದ್ದಿತ್ತು. ತಿದ್ದಬೇಕಿತ್ತು. ಬಸ್ಸು ಬಂದುಬಿಟ್ಟಿತ್ತು, ಓಡಿದೆ.